ನಿಧಾನದ ಬಿಎಲ್ ಡ್ರಾಮಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಎಲ್ ಅಂದರೆ ಏನು? ಒಂದೇ ಮಾತಲ್ಲಿ ಹೇಳಿ.

ಇಬ್ಬರು ಗಂಡಸರ ಪ್ರೇಮಕಥೆ. ಬಾಯ್ಸ್ ಲವ್ ಅನ್ನುವುದರ ಗಿಡ್ಡ ರೂಪ. ಜಪಾನಿನ ಕಾಮಿಕ್ಸ್‌ನಲ್ಲಿ ಶುರುವಾಯಿತು. ಈಗ ಥಾಯ್ಲೆಂಡ್, ತೈವಾನ್, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್ ಎಲ್ಲ ಕಡೆ ಟೀವಿ ಮತ್ತು ವೆಬ್ ಸರಣಿಯಾಗಿ ಬರುತ್ತಿದೆ. ಚೀನಾದಲ್ಲೂ ಬರುತ್ತಿತ್ತು, ಅದರ ಕಥೆ ಬೇರೆ, ಕೆಳಗೆ ಹೇಳಿದ್ದೇನೆ.

ಸ್ಲೋ ಬರ್ನ್ ಅಂದರೆ ನಮ್ಮ ಮೆಗಾ ಸೀರಿಯಲ್ ಥರ ಎಳೆಯೋದಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಕೇಳಬೇಕಾದದ್ದೂ ಹೌದು. ಸಂಜೆ ಸೀರಿಯಲ್‌ನಲ್ಲಿ ಒಬ್ಬರು ಬಾಗಿಲು ತೆಗೆದು ಒಳಗೆ ಬಂದರೆ ಸಾಕು, ಮನೆಯಲ್ಲಿರುವ ಅಷ್ಟೂ ಜನರ ಮುಖವನ್ನು ಮೂರು ಮೂರು ಸಲ ತೋರಿಸಿ, ಗುಡುಗಿನ ಸದ್ದು ಹಾಕಿ, ಅಷ್ಟರಲ್ಲಿ ಜಾಹೀರಾತು ಬಂದು, ಮಾರನೇ ದಿನ ಮತ್ತೆ ಅದೇ ಬಾಗಿಲಿನಿಂದ ಶುರು ಮಾಡುತ್ತಾರೆ. ಕಥೆ ನಿಂತಲ್ಲೇ ನಿಂತಿರುತ್ತದೆ. ಒಳ್ಳೆಯ ಸ್ಲೋ ಬರ್ನ್‌ನಲ್ಲಿ, ಅಂದರೆ ಪ್ರೀತಿ ನಿಧಾನವಾಗಿ ಬೆಳೆಯುವ ಕಥೆಯಲ್ಲಿ, ಘಟನೆ ಕಡಿಮೆ ಇರುತ್ತದೆ, ನಿಜ. ಆದರೆ ಇಬ್ಬರ ನಡುವಿನ ದೂರ ಪ್ರತಿ ಕಂತಿನಲ್ಲೂ ಒಂಚೂರು ಬದಲಾಗುತ್ತದೆ. ಹತ್ತಿರವೇ ಆಗಬೇಕು ಅಂತಿಲ್ಲ, ದೂರ ಆದರೂ ಸರಿ.

ನಾನು ಮಾಡುವ ಪರೀಕ್ಷೆ ಇದು. ನಡುವೆ ಒಂದು ಕಂತು ಹಾರಿಸಿ ಮುಂದಿನದು ನೋಡಿ. ಏನೂ ತಪ್ಪಿಹೋಗಿಲ್ಲ ಅನ್ನಿಸಿದರೆ ಅದು ಬರೀ ಎಳೆತ. "ಇವನು ಯಾಕೆ ಈಗ ಇವನ ಪಕ್ಕ ಕೂರಲ್ಲ, ನಿನ್ನೆ ಏನಾಯ್ತು?" ಅಂತ ಅನ್ನಿಸಿದರೆ ಸುಮ್ನೆ ವಾಪಸ್ ಹೋಗಿ ಆ ಕಂತು ನೋಡಿ, ಅಲ್ಲಿ ಏನೋ ಇದೆ.

ಇನ್ನೊಂದು ವಿಷಯ. ನಿಧಾನ ಎಲ್ಲ ದೇಶದಲ್ಲೂ ಒಂದೇ ಕಾರಣಕ್ಕೆ ಬರುವುದಿಲ್ಲ. ಜಪಾನಿನಲ್ಲಿ ಪಾತ್ರದ ಸ್ವಭಾವ, ಚೀನಾದಲ್ಲಿ ಸೆನ್ಸಾರ್, ಥಾಯ್ಲೆಂಡಿನಲ್ಲಿ ವಾರಕ್ಕೊಂದು ಕಂತಿನ ಲೆಕ್ಕಾಚಾರ. ಇದು ಗೊತ್ತಿಲ್ಲದೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದರೆ ನಿರಾಸೆ ಗ್ಯಾರಂಟಿ.

ಇಲ್ಲಿ ಕಥೆ ಬಿಟ್ಟುಕೊಡುತ್ತೀರಾ?

ಸ್ವಲ್ಪ. ಇಂಥ ಡ್ರಾಮಾಗಳಲ್ಲಿ ಕೊನೆಗೆ ಏನಾಗುತ್ತದೆ ಅಂತ ಮೊದಲ ಕಂತಿನಲ್ಲೇ ಗೊತ್ತಿರುತ್ತದೆ, ಹೇಗೆ ಆಗುತ್ತದೆ ಅನ್ನುವುದಕ್ಕೇ ನೋಡುವುದು. ಅದೂ ಬೇಡ ಅನ್ನುವವರು ಹೆಸರುಗಳನ್ನು ಮಾತ್ರ ಗುರುತು ಹಾಕಿಕೊಂಡು ಹೋಗಿ.

ಯಾವುದರಿಂದ ಶುರು ಮಾಡಲಿ?

"ಚೆರ್ರಿ ಮ್ಯಾಜಿಕ್". ಜಪಾನ್, ಟೀವಿ ಟೋಕಿಯೊ, 2020ರ ಅಕ್ಟೋಬರ್‌ನಿಂದ ಡಿಸೆಂಬರ್, 12 ಕಂತು, ಒಂದೊಂದೂ ಅರ್ಧ ಗಂಟೆಗೂ ಕಡಿಮೆ. ಯೂ ಟೊಯೊತಾ ಬರೆದ ಮಂಗಾ (ಜಪಾನಿ ಕಾಮಿಕ್ಸ್) ಇದರ ಮೂಲ.

ಕಥೆ ಕೇಳಿದರೆ ನಗು ಬರುತ್ತದೆ. ಅದಾಚಿ ಸ್ಟೇಷನರಿ ಕಂಪನಿಯ ಸಾಧಾರಣ ನೌಕರ. ಮೂವತ್ತು ತುಂಬಿದರೂ ಯಾರನ್ನೂ ಮುಟ್ಟಿದವನಲ್ಲ. ಹುಟ್ಟಿದಹಬ್ಬದ ದಿನ ಅವನಿಗೆ ಒಂದು ಶಕ್ತಿ ಬರುತ್ತದೆ, ಯಾರಿಗಾದರೂ ಮೈ ತಾಗಿದರೆ ಅವರ ಮನಸ್ಸಿನ ಮಾತು ಕೇಳಿಸುತ್ತದೆ. ತುಂಬಿದ ಲಿಫ್ಟ್‌ನಲ್ಲಿ ಸಹೋದ್ಯೋಗಿ ಕುರೊಸಾವಾ ತಾಗುತ್ತಾನೆ. ಅವನು ನೋಡಲು ಚೆಂದ, ಕೆಲಸದಲ್ಲಿ ಜಾಣ, ಎಲ್ಲರಿಗೂ ಬೇಕಾದವನು. ಅವನ ತಲೆಯೊಳಗೆ ಅದಾಚಿ ಬಿಟ್ಟರೆ ಬೇರೇನೂ ಇಲ್ಲ!

ಈಗ ಯೋಚನೆ ಮಾಡಿ. ಪ್ರೇಮಕಥೆಯಲ್ಲಿ ಸಾಮಾನ್ಯವಾಗಿ ಕೊನೆಯವರೆಗೆ ಮುಚ್ಚಿಡುವ ಗುಟ್ಟನ್ನು ಇಲ್ಲಿ ಮೊದಲ ಕಂತಿನಲ್ಲೇ ಒಡೆದು ಬಿಟ್ಟಿದ್ದಾರೆ. ಅವನು ನನ್ನನ್ನು ಪ್ರೀತಿಸುತ್ತಾನಾ ಅನ್ನುವ ಅನುಮಾನಕ್ಕೆ ಜಾಗವೇ ಇಲ್ಲ. ಹಾಗಿದ್ದರೂ ಅದಾಚಿ ಬಾಯಿ ಬಿಡಲು ಏಳನೇ ಕಂತಿನವರೆಗೆ ಬೇಕಾಗುತ್ತದೆ. ಯಾಕೆ? ಅವನಿಗೆ ಅನುಮಾನ ಇರುವುದು ತನ್ನ ಮೇಲೆ. ಇಂಥವನು ನನ್ನಲ್ಲಿ ಏನು ಕಂಡ ಅಂತ. ಅದಕ್ಕೆ ಉತ್ತರ ಕೊಡಲಿಕ್ಕೆಂದೇ ಆ ಏಳನೇ ಕಂತನ್ನು ಕುರೊಸಾವಾನ ಕಡೆಯಿಂದ ಹೇಳಿದ್ದಾರೆ. ಎಲ್ಲರೂ ತನ್ನ ಮುಖ ನೋಡಿಯೇ ಮೆಚ್ಚುತ್ತಾರೆ ಅಂತ ಬೇಸತ್ತವನು, ಆಫೀಸಿನ ಕುಡಿತದ ಕೂಟದಲ್ಲಿ ಮಿತಿಮೀರಿ ಕುಡಿದು ಬಿದ್ದಾಗ ನೋಡಿಕೊಂಡದ್ದು ಅದಾಚಿ. ಅಷ್ಟೇ ಘಟನೆ. ಅದನ್ನು ಆರು ಕಂತು ಕಾಯಿಸಿ ತೋರಿಸಿದ್ದರಿಂದಲೇ ಅಷ್ಟು ತಾಗುತ್ತದೆ.

ಅದಾಚಿ ಆದ ಎಯಿಜಿ ಅಕಾಸೊ ಮತ್ತು ಕುರೊಸಾವಾ ಆದ ಕೇತಾ ಮಾಚಿದಾ ನಟನೆ ಬಗ್ಗೆ ಬೇರೆ ಹೇಳಬೇಕಿಲ್ಲ. ಮಾಚಿದಾ ಒಳಗೆ ಕುಣಿಯುತ್ತಾ ಹೊರಗೆ ಸೂಟು ಸರಿಮಾಡಿಕೊಳ್ಳುವುದನ್ನು ನೋಡಲಿಕ್ಕಾದರೂ ನೋಡಿ. 2022ರಲ್ಲಿ ಸಿನಿಮಾ ಆಯಿತು, 2023ರ ಕೊನೆಯಲ್ಲಿ ಥಾಯ್ ರೂಪವೂ ಬಂತು. ಮೊದಲು ಜಪಾನಿನದು ನೋಡಿ.

ಅದರಲ್ಲಿ ಸರಿಯಾಗಿ ಒಂದು ಮುತ್ತೂ ಇಲ್ವಲ್ಲ?

ಇಲ್ಲ. ಹಣೆಗೊಂದು ಇದೆ. ಕೊನೆಯ ದೃಶ್ಯದಲ್ಲಿ ಲಿಫ್ಟ್ ಬಾಗಿಲು ಮುಚ್ಚಿಕೊಳ್ಳುತ್ತದೆ, ಉಳಿದದ್ದು ನಮ್ಮ ಊಹೆಗೆ. ಇದಕ್ಕೆ ರೇಗಿದವರು ತುಂಬಾ ಜನ. ಅವರ ಕೋಪವೂ ಸರಿಯೇ. ಗಂಡು ಹೆಣ್ಣಿನ ಕಥೆ ಆಗಿದ್ದರೆ ಹೀಗೆ ಬಾಗಿಲು ಹಾಕುತ್ತಿದ್ದರಾ ಅಂತ ಕೇಳಲೇಬೇಕು. ಆದರೆ ಜಪಾನಿನ ಎಲ್ಲ ಬಿಎಲ್ ಹೀಗೇ ಅಂತ ತಿಳಿಯಬೇಡಿ. ಅಲ್ಲಿ ಇವು ಹೆಚ್ಚಾಗಿ ನಡುರಾತ್ರಿಯ ಅರ್ಧ ಗಂಟೆಯ ಜಾಗದಲ್ಲಿ ಬರುತ್ತವೆ, ಚೆರ್ರಿ ಮ್ಯಾಜಿಕ್ ಬರುತ್ತಿದ್ದದ್ದು ರಾತ್ರಿ ಒಂದು ಗಂಟೆಗೆ. ಅಷ್ಟು ಹೊತ್ತಿನಲ್ಲಿ ದೊಡ್ಡ ಸ್ಟಾರ್, ದೊಡ್ಡ ಬಜೆಟ್ ಇರುವುದಿಲ್ಲ, ಹಾಗಾಗಿ ಚಿಕ್ಕ ಕಥೆಯನ್ನು ತಮಗೆ ತೋಚಿದ ಹಾಗೆ ಮಾಡುವ ಧೈರ್ಯವೂ ಇರುತ್ತದೆ.

"ದಿ ಅನ್‌ಟೇಮ್ಡ್" ಬಿಎಲ್ಲಾ, ಅಲ್ವಾ? ಎರಡೂ ಕಡೆ ವಾದ ಕೇಳಿ ಸಾಕಾಗಿದೆ.

ಅಧಿಕೃತವಾಗಿ ಅಲ್ಲ. ಕಣ್ಣಿದ್ದವರಿಗೆ ಹೌದು.

2019ರ ಜೂನ್ 27ರಿಂದ ಚೀನಾದ ಟೆನ್ಸೆಂಟ್ ವಿಡಿಯೋದಲ್ಲಿ ಬಂದ 50 ಕಂತಿನ ಸರಣಿ. ಮೋ ಶಿಯಾಂಗ್ ಟೊಂಗ್ ಶಿಯು ಬರೆದ ಕಾದಂಬರಿಯಲ್ಲಿ ವೇ ವೂಶಿಯೆನ್ ಮತ್ತು ಲಾನ್ ವಾಂಗ್‌ಜಿ ಪ್ರೇಮಿಗಳು, ಅದರಲ್ಲಿ ಮುಚ್ಚುಮರೆ ಇಲ್ಲ. ತೆರೆಗೆ ಬರುವಾಗ ಅವರು ಒಬ್ಬರನ್ನೊಬ್ಬರು ಅರಿತ ಆಪ್ತರು ಅಷ್ಟೇ ಆದರು. ಪ್ರೀತಿ ಅನ್ನುವ ಮಾತನ್ನು ಆಡುವ ಹಾಗಿಲ್ಲ. ಹಾಗಾಗಿ ಆ ಮಾತನ್ನು ವಸ್ತುಗಳ ಕೈಯಲ್ಲಿ ಆಡಿಸಿದರು.

ಒಂದು ಉದಾಹರಣೆ ಕೊಡುತ್ತೇನೆ. ಲಾನ್ ಮನೆತನದ ಆಶ್ರಮದಲ್ಲಿ ಸಾವಿರಾರು ನಿಯಮ, ಮದ್ಯ ಕೂಡದು ಅನ್ನುವುದು ಅದರಲ್ಲಿ ಒಂದು. ವೇ ವೂಶಿಯೆನ್ ಬಂದ ಹೊಸದರಲ್ಲೇ ರಾತ್ರಿ ಎರಡು ಜಾಡಿ ಮದ್ಯ ಹಿಡಿದು ಗೋಡೆ ಹಾರುತ್ತಾನೆ. ಲಾನ್ ವಾಂಗ್‌ಜಿ ತಡೆಯುತ್ತಾನೆ, ಮಾಡಿನ ಮೇಲೆ ಕತ್ತಿ ಜಗಳ. ಕಥೆ ಎಷ್ಟೋ ವರ್ಷ ಮುಂದೆ ಹೋದ ಮೇಲೆ ನೋಡಿದರೆ, ಅದೇ ಕಟ್ಟುನಿಟ್ಟಿನ ಮನುಷ್ಯನ ಕೋಣೆಯಲ್ಲಿ ಅದೇ ಮದ್ಯದ ಜಾಡಿ ಬಚ್ಚಿಟ್ಟಿದೆ. ಅವನು ಕುಡಿಯುವವನಲ್ಲ. ಯಾರಿಗಾಗಿ ಇಟ್ಟದ್ದು ಅಂತ ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಹಣೆಪಟ್ಟಿಯದ್ದೂ ಹೀಗೇ. ಲಾನ್ ಮನೆತನದವರ ಹಣೆಪಟ್ಟಿಯನ್ನು ಮನೆಯವರು, ಬಾಳಸಂಗಾತಿ ಬಿಟ್ಟು ಯಾರೂ ಮುಟ್ಟುವಂತಿಲ್ಲ. ಅವನು ಅದನ್ನು ಬಿಚ್ಚಿ ಇಬ್ಬರ ಮಣಿಕಟ್ಟಿಗೂ ಸೇರಿಸಿ ಸುತ್ತುತ್ತಾನೆ. ಜೀವ ಉಳಿಸಲು ಬೇಕಿತ್ತು ಅನ್ನುವುದು ನೆಪ.

ನಡುವೆ ವೇ ವೂಶಿಯೆನ್ ಸತ್ತ ಅಂತಲೇ ಎಲ್ಲರೂ ತಿಳಿದ 16 ವರ್ಷಗಳಿವೆ. ಸ್ಲೋ ಬರ್ನ್ ಅಂದರೆ ಇದಕ್ಕಿಂತ ಸ್ಲೋ ಬೇಕಾ? ವೇ ವೂಶಿಯೆನ್ ಆದ ಶಿಯಾವ್ ಜಾನ್ ಮಾತಿನ ಮಲ್ಲನಾಗಿ, ಲಾನ್ ವಾಂಗ್‌ಜಿ ಆದ ವಾಂಗ್ ಯೀಬೊ ಮಾತೇ ಆಡದವನಾಗಿ ಗೆದ್ದಿದ್ದಾರೆ. ಯೀಬೊನ ಮುಖದಲ್ಲಿ ಏನೂ ಬದಲಾಗುವುದಿಲ್ಲ ಅಂತ ಮೊದಲ ಐದಾರು ಕಂತು ಅನ್ನಿಸುತ್ತದೆ. ಆಮೇಲೆ ರೆಪ್ಪೆ ಅಲ್ಲಾಡಿದರೂ ಗೊತ್ತಾಗತೊಡಗುತ್ತದೆ.

ಐವತ್ತು ಕಂತು ನೋಡಲು ಪುರುಸೊತ್ತಿಲ್ಲ.

ಇಬ್ಬರ ಮೇಲೆ ಗಮನ ಇಟ್ಟು ಮರುಜೋಡಿಸಿದ 20 ಕಂತಿನ ವಿಶೇಷ ಆವೃತ್ತಿ ಇದೆ. ಆದರೆ ಅದು ಮೊದಲೇ ನೋಡಿದವರಿಗೆ ಚೆನ್ನ. ಹೊಸಬರಿಗೆ ಒಂದೇ ಕಿವಿಮಾತು: ಮೊದಲ ಎರಡು ಕಂತು ತಲೆಬುಡ ಅರ್ಥ ಆಗುವುದಿಲ್ಲ, ಯಾರಿಗೂ ಆಗಿಲ್ಲ. ಒಬ್ಬೊಬ್ಬರಿಗೂ ಎರಡು ಮೂರು ಹೆಸರು ಬೇರೆ. ಮೂರನೇ ಕಂತಿನಿಂದ ಹಿಂದಿನ ಕಥೆ ಶುರುವಾಗಿ 33ನೇ ಕಂತಿನ ಹತ್ತಿರದವರೆಗೆ ಅದೇ ಹೋಗುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಲಿ.

ಚೀನಾದಿಂದ ಈಗ ಅಂಥವು ಯಾಕೆ ಬರುತ್ತಿಲ್ಲ?

ಬಿಡುತ್ತಿಲ್ಲ, ಅದಕ್ಕೆ. 2016ರಲ್ಲಿ "ಅಡಿಕ್ಟೆಡ್" ಅನ್ನುವ ಹೈಸ್ಕೂಲು ಹುಡುಗರ ಕಥೆ ನೇರವಾಗಿಯೇ ಬಂತು. ಕೊನೆಯ ಮೂರು ಕಂತು ಬಾಕಿ ಇರುವಾಗ ಚೀನಾದ ತಾಣಗಳಿಂದ ಎತ್ತಿಹಾಕಿದರು. 2017ರಲ್ಲಿ ವೆಬ್ ವಿಡಿಯೋಗಳ ನಿಯಮದಲ್ಲಿ ಸಲಿಂಗ ಸಂಬಂಧವನ್ನು ತೋರಿಸಬಾರದ ಪಟ್ಟಿಗೆ ಸೇರಿಸಿದರು. ಆಮೇಲೆ ನಿರ್ಮಾಪಕರು ಕಂಡುಕೊಂಡ ದಾರಿಯೇ ಈ ಗೆಳೆತನದ ವೇಷ. 2018ರ "ಗಾರ್ಡಿಯನ್" ಬಂದಾಗ ಅಲ್ಲಿನ ಅಭಿಮಾನಿಗಳು ಇದನ್ನು "ಸಮಾಜವಾದಿ ಸೋದರತ್ವ" ಅಂತ ಕಿಚಾಯಿಸುತ್ತಿದ್ದರು. ನನಗೆ ಬಲು ಇಷ್ಟದ ಜೋಕು ಇದು.

2021ರಲ್ಲಿ "ವರ್ಡ್ ಆಫ್ ಆನರ್" ಬಂತು, 36 ಕಂತು. ಅದರಲ್ಲಿ ನಟರ ತುಟಿ ಹೇಳುವುದೊಂದು, ಡಬ್ಬಿಂಗ್ ದನಿ ಹೇಳುವುದು ಇನ್ನೊಂದು. ಅಭಿಮಾನಿಗಳು ತುಟಿ ಓದಿ ಮೂಲ ಮಾತು ಯಾವುದಿರಬಹುದು ಅಂತ ಪತ್ತೆ ಮಾಡುತ್ತಾ ಕೂತರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪ್ರಸಾರ ಇಲಾಖೆ "ಹೆಣ್ಣಿಗ" ಗಂಡಸರನ್ನು ತೋರಿಸಬೇಡಿ ಅಂತ ಆದೇಶ ಹೊರಡಿಸಿತು, ಇಂಥ ಕಾದಂಬರಿಗಳನ್ನು ತೆರೆಗೆ ತರುವ ಬಾಗಿಲೂ ಮುಚ್ಚಿತು. ಚಿತ್ರೀಕರಣ ಮುಗಿಸಿ ಕಪಾಟಿನಲ್ಲೇ ಉಳಿದ ಸರಣಿಗಳಿವೆ.

ಕೆಲವರು "ಸೆನ್ಸಾರ್ ಇದ್ದದ್ದೇ ಒಳ್ಳೆಯದಾಯ್ತು, ಅದರಿಂದಲೇ ಕಣ್ಣಿನ ಭಾಷೆ ಬೆಳೀತು" ಅನ್ನುತ್ತಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ಕೈ ಕಟ್ಟಿದಾಗಲೂ ಚೆನ್ನಾಗಿ ಮಾಡಿದರು ಅಂದರೆ ಹೊಗಳಿಕೆ ಮಾಡಿದವರಿಗೆ ಸಲ್ಲಬೇಕು, ಕಟ್ಟಿದವರಿಗಲ್ಲ.

ಥಾಯ್ ಸರಣಿಗಳಲ್ಲಿ ಎಲ್ಲರೂ ಇಂಜಿನಿಯರಿಂಗ್ ಓದುತ್ತಾರಲ್ಲ, ಯಾಕೆ?

ಬೆಂಗಳೂರಿನವರು ಇದನ್ನು ಕೇಳಬಾರದು! ತಮಾಷೆ ಇರಲಿ, ಇದಕ್ಕೆ ಮುಖ್ಯ ಕಾರಣ "ಸೋಟಸ್". 2016ರಲ್ಲಿ ಜಿಎಂಎಂಟೀವಿ ಅನ್ನುವ ಥಾಯ್ ಕಂಪನಿ ಮಾಡಿದ್ದು. ಇಂಜಿನಿಯರಿಂಗ್ ಕಾಲೇಜಿನ ಸೀನಿಯರ್ ಆರ್ಥಿತ್ ಹೊಸಬರನ್ನು ಗದರಿಸಿ ಕವಾಯತು ಮಾಡಿಸುವ ತಂಡದ ಮುಖ್ಯಸ್ಥ, ಜೂನಿಯರ್ ಕಾಂಗ್‌ಪೋಬ್ ಎದುರು ನಿಲ್ಲುತ್ತಾನೆ. ಹೊರಗೆ ಹುಲಿ ಹಾಗೆ ಗುರುಗುಟ್ಟುವ ಆರ್ಥಿತ್‌ಗೆ ಕದ್ದು ಕುಡಿಯುವ ಗುಲಾಬಿ ಬಣ್ಣದ ಸಿಹಿ ಹಾಲು ಇಷ್ಟ. ಆ ಒಂದು ಲೋಟ ಹಾಲಿನಿಂದ ಅವನನ್ನು ಅಳೆದುಬಿಡುತ್ತಾನೆ ಕಾಂಗ್‌ಪೋಬ್. ಸರಣಿ ಗೆದ್ದಿತು, ಆಮೇಲೆ ಬಂದವರೆಲ್ಲ ಅದೇ ಅಚ್ಚಿನಲ್ಲಿ ಹೊಯ್ದರು.

ಇವತ್ತು ನೋಡಿದರೆ ರ‍್ಯಾಗಿಂಗ್ ದೃಶ್ಯಗಳು ಕಿರಿಕಿರಿ ಆಗುತ್ತವೆ. ನೋಡಲೇಬೇಕು ಅಂತ ನಾನು ಹೇಳುವುದಿಲ್ಲ.

ಥಾಯ್ ಸರಣಿ ನಡುವೆ ಇದ್ದಕ್ಕಿದ್ದಂತೆ ಮುಖಕ್ಕೆ ಕ್ರೀಮ್ ಹಚ್ಚುತ್ತಾರೆ, ಚಿಪ್ಸ್ ಹೊಗಳುತ್ತಾರೆ. ಏನಿದು?

ಪ್ರಾಯೋಜಕರು. ಯೂಟ್ಯೂಬ್‌ನಲ್ಲಿ ಬಿಟ್ಟಿಯಾಗಿ ನೋಡುತ್ತಿದ್ದೀರಿ, ಚಿಪ್ಸ್ ಸಹಿಸಿಕೊಳ್ಳಿ.

ಕಾಲೇಜು ಬೇಡ. ಥಾಯ್‌ನಲ್ಲೇ ನಿಜವಾಗಿ ನಿಧಾನದ್ದು, ಚೆನ್ನಾಗಿರುವುದು ಯಾವುದು?

ಎರಡು ಹೇಳುತ್ತೇನೆ. ಎರಡೂ ಬೇರೆ ಬೇರೆ ದಿಕ್ಕು.

"ಎ ಟೇಲ್ ಆಫ್ ಥೌಸಂಡ್ ಸ್ಟಾರ್ಸ್", 2021, 10 ಕಂತು. ಬ್ಯಾಂಕಾಕಿನ ಶ್ರೀಮಂತರ ಮನೆಯ ಹುಡುಗ ತಿಯೆನ್‌ಗೆ ಹೃದಯ ಕಸಿ ಆಗುತ್ತದೆ. ಆ ಹೃದಯ ತೋರ್‌ಫನ್ ಅನ್ನುವ ಹುಡುಗಿಯದು, ಗುಡ್ಡಗಾಡಿನ ಹಳ್ಳಿಯಲ್ಲಿ ಸ್ವಯಂಸೇವಕಿಯಾಗಿ ಪಾಠ ಹೇಳುತ್ತಿದ್ದವಳು. ಅವಳ ಡೈರಿ ಓದಿ ತಿಯೆನ್ ಅದೇ ಹಳ್ಳಿಗೆ ಮೇಷ್ಟ್ರಾಗಿ ಹೋಗುತ್ತಾನೆ. ಅಲ್ಲಿ ಅರಣ್ಯಾಧಿಕಾರಿ ಫೂಫಾ. ತಿಯೆನ್ ಬಾಯಿ ಕಟ್ಟಿರುವುದು ಸುಳ್ಳೊಂದು ಇರುವುದರಿಂದ, ಫೂಫಾ ಬಾಯಿ ಕಟ್ಟಿರುವುದು ಅವನ ಸ್ವಭಾವದಿಂದ. ಎರಡು ಮೌನಕ್ಕೂ ಬೇರೆ ಬೇರೆ ಕಾರಣ ಇರುವುದರಿಂದ ಕಥೆ ಸಡಿಲ ಆಗುವುದಿಲ್ಲ. ಬಟ್ಟೆ ಒಗೆಯಲು ಬಾರದ, ಬೆಂಕಿ ಹಚ್ಚಲು ಬಾರದ ಪಟ್ಟಣದ ಹುಡುಗನಿಗೆ ಒಬ್ಬ ಗದರಿಕೊಂಡೇ ಎಲ್ಲ ಮಾಡಿಕೊಡುವುದೇ ಇಲ್ಲಿ ಪ್ರೇಮ ನಿವೇದನೆ. ನಿರ್ದೇಶಕ ಆಫ್ ನೊಪ್ಪರ್ನಾಚ್ ಅವರ ಕೈಚಳಕ ಇದು.

"ಐ ಟೋಲ್ಡ್ ಸನ್‌ಸೆಟ್ ಅಬೌಟ್ ಯು", 2020, ಐದೇ ಕಂತು, ಒಂದೊಂದೂ ಗಂಟೆಗಿಂತ ಜಾಸ್ತಿ. ಫುಕೆಟ್‌ನಲ್ಲಿ ನಡೆಯುವ ಕಥೆ. ಪ್ರವಾಸಿಗಳ ಫುಕೆಟ್ ಅಲ್ಲ, ಚೀನೀ ಮೂಲದ ಮನೆತನಗಳು ಇರುವ ಹಳೇ ಪೇಟೆ. ಚಿಕ್ಕಂದಿನಲ್ಲಿ ಜಗಳ ಆಡಿ ಮಾತು ಬಿಟ್ಟ ತೇ ಮತ್ತು ಓ-ಎವ್, ಯೂನಿವರ್ಸಿಟಿ ಪ್ರವೇಶಕ್ಕೆ ಚೀನೀ ಭಾಷೆ ಕಲಿಯುವ ಟ್ಯೂಷನ್‌ನಲ್ಲಿ ಮತ್ತೆ ಎದುರಾಗುತ್ತಾರೆ. ತೇ ಪಾಠ ಹೇಳಿಕೊಡುತ್ತಾನೆ. ಹದಿನೇಳು ಹದಿನೆಂಟರ ಹುಡುಗನಿಗೆ ತನ್ನ ಮೈಯೇ ತನಗೆ ಅರ್ಥವಾಗದ ಗಾಬರಿ ಇದೆಯಲ್ಲ, ಅದನ್ನು ಇಷ್ಟು ಹತ್ತಿರದಿಂದ ತೋರಿಸಿದ ಸರಣಿ ನಾನು ಬೇರೆ ನೋಡಿಲ್ಲ. ಇಲ್ಲಿ ನಿಧಾನ ಸುಖದ ನಿಧಾನ ಅಲ್ಲ, ಉಸಿರು ಕಟ್ಟುತ್ತದೆ. ಈ ಪಾತ್ರಗಳನ್ನು ಮಾಡಿದ ಬಿಲ್ಕಿನ್ ಮತ್ತು ಪಿಪಿ ಕ್ರಿತ್ ಇಬ್ಬರೂ ಹಾಡುಗಾರರು ಕೂಡ. ಬೇಸರ ಇರುವ ದಿನ ಇದನ್ನು ಹಚ್ಚಬೇಡಿ.

"ಬ್ಯಾಡ್ ಬಡ್ಡಿ" ಎಲ್ಲರೂ ಹೊಗಳುತ್ತಾರೆ. ಅದೂ ಸ್ಲೋ ಬರ್ನಾ?

ಅರ್ಧ. 2021ರ ಕೊನೆಗೆ ಶುರುವಾದ 12 ಕಂತು, ಇದೂ ಆಫ್ ನೊಪ್ಪರ್ನಾಚ್ ಅವರದ್ದೇ. ಅಕ್ಕಪಕ್ಕದ ಮನೆ, ಅಪ್ಪ ಅಮ್ಮಂದಿರು ಹಗೆ, ಮಕ್ಕಳು ಪ್ಯಾಟ್ ಮತ್ತು ಪ್ರಾನ್ ಕದ್ದುಮುಚ್ಚಿ ಗೆಳೆಯರು. ಐದನೇ ಕಂತಿನಲ್ಲಿ ಮಹಡಿ ಮೇಲೆ ಮುತ್ತು ಬಂದೇ ಬಿಡುತ್ತದೆ. ಆಮೇಲೆ ಪ್ರಾನ್ ಎದ್ದು ಹೋಗುತ್ತಾನೆ! ನಿಜವಾದ ಕಾಯುವಿಕೆ ಅಲ್ಲಿಂದ. ಮುತ್ತೇ ಗುರಿ ಅಂತ ತಿಳಿದ ಸರಣಿಗಳಿಗೆ ಇದು ಒಳ್ಳೆಯ ಪಾಠ. ನಟರಾದ ಓಂ ಮತ್ತು ನಾನನ್ ಅವರ ಮಾತಿನ ಚಕಮಕಿಗೇ ನೋಡಬಹುದು.

ಕೊರಿಯಾದವು?

ಹೆಚ್ಚಿನವು ಚಿಕ್ಕವು, ಎಂಟು ಕಂತು, ಇಪ್ಪತ್ತು ಚಿಲ್ಲರೆ ನಿಮಿಷ. ಅಷ್ಟರಲ್ಲಿ ನಿಧಾನ ಹೇಗೆ ಸಾಧ್ಯ ಅನ್ನಿಸಬಹುದು. 2022ರ "ಸೆಮ್ಯಾಂಟಿಕ್ ಎರರ್" ನೋಡಿ. ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡದವರ ಹೆಸರನ್ನು ಸ್ಲೈಡ್‌ನಿಂದ ತೆಗೆದುಹಾಕುವ ಕಂಪ್ಯೂಟರ್ ಸೈನ್ಸ್ ಹುಡುಗ, ಅದರಿಂದ ಡಿಗ್ರಿ ತಪ್ಪಿಸಿಕೊಂಡ ಡಿಸೈನ್ ಸೀನಿಯರ್. ಕಾಟ ಕೊಡಲಿಕ್ಕೆ ಬಂದವನು ಅಲ್ಲೇ ಉಳಿಯುತ್ತಾನೆ. ಗ್ರೂಪ್ ಪ್ರಾಜೆಕ್ಟ್ ಮಾಡಿದ ಯಾರಿಗಾದರೂ ಮೊದಲ ಹತ್ತು ನಿಮಿಷದಲ್ಲೇ ಯಾರ ಪಕ್ಷ ಅಂತ ಗೊತ್ತಾಗುತ್ತದೆ.

ಕಾಲೇಜು ಹುಡುಗರ ಕಥೆ ಸಾಕು. ನನಗೆ ನಲವತ್ತು ದಾಟಿದೆ.

"ಓಲ್ಡ್ ಫ್ಯಾಷನ್ ಕಪ್‌ಕೇಕ್", ಜಪಾನ್, 2022, ಐದು ಕಂತು. ಬಾಸ್ ನೊಜುಎಗೆ 39, ಕೈಕೆಳಗಿನ ತೊಗಾವಾಗೆ 29. ಎಲ್ಲದರಲ್ಲೂ ಆಸಕ್ತಿ ಕಳೆದುಕೊಂಡ ಬಾಸ್ ಅನ್ನು ತೊಗಾವಾ ಹುಡುಗಿಯರು ತುಂಬಿರುವ ಪ್ಯಾನ್‌ಕೇಕ್ ಅಂಗಡಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿಂದ ಶುರು. ಕೊನೆಯ ಕಂತಿನಲ್ಲಿ ಇಬ್ಬರೂ ಕೂತು ಮಾತಾಡುವುದನ್ನು ಎರಡು ಸಲ ನೋಡಿ.

ಇನ್ನೊಂದು "ವಾಟ್ ಡಿಡ್ ಯು ಈಟ್ ಯೆಸ್ಟರ್‌ಡೇ". ಫುಮಿ ಯೋಶಿನಾಗಾ 2007ರಿಂದ ಬರೆಯುತ್ತಿರುವ ಮಂಗಾ, 2019ರಲ್ಲಿ ಸರಣಿ ಆಯಿತು, 2021ರಲ್ಲಿ ಸಿನಿಮಾ, 2023ರಲ್ಲಿ ಎರಡನೇ ಭಾಗ. ಇದರಲ್ಲಿ ಪ್ರೀತಿ ಹುಟ್ಟುವ ಕಥೆಯೇ ಇಲ್ಲ, ವಕೀಲ ಶಿರೋ ಮತ್ತು ಕ್ಷೌರಿಕ ಕೆಂಜಿ ಆಗಲೇ ಒಂದೇ ಮನೆಯಲ್ಲಿದ್ದಾರೆ. ಹಾಗಾದರೆ ಸ್ಲೋ ಬರ್ನ್ ಹೇಗೆ? ಶಿರೋ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ, ಹೊರಗೆ ಇಬ್ಬರೂ ಒಟ್ಟಿಗೆ ಕಾಣಿಸಿಕೊಳ್ಳಲು ಹಿಂಜರಿಯುತ್ತಾನೆ. ಕೆಂಜಿ ಅಂಗಡಿಯಲ್ಲಿ ಗಿರಾಕಿಗಳ ಎದುರು ಸಲೀಸಾಗಿ ಮಾತಾಡುತ್ತಾನೆ. ಆ ಅಂತರ ಕರಗುವುದನ್ನು ತೋರಿಸಲು ವರ್ಷಗಟ್ಟಲೆ ತೆಗೆದುಕೊಂಡಿದ್ದಾರೆ. ನಡುನಡುವೆ ಶಿರೋ ಸೂಪರ್‌ಮಾರ್ಕೆಟ್‌ನಲ್ಲಿ ಯಾವುದು ಅಗ್ಗ ಅಂತ ನೋಡಿ ತಂದು, ಪೂರ್ತಿ ಅಡುಗೆ ಮಾಡುತ್ತಾನೆ, ಇಬ್ಬರೂ ಊಟ ಮಾಡುತ್ತಾರೆ. ಶಿರೋ ಪಾತ್ರ ಮಾಡಿದ ಹಿದೆತೊಶಿ ನಿಶಿಜಿಮಾರನ್ನು ಆಸ್ಕರ್ ಗೆದ್ದ "ಡ್ರೈವ್ ಮೈ ಕಾರ್"ನಲ್ಲಿ ನೀವು ನೋಡಿರಬಹುದು. ಹೊಟ್ಟೆ ಹಸಿದಿರುವಾಗ ನೋಡಬೇಡಿ, ತಡೆಯಲು ಆಗುವುದಿಲ್ಲ.

ಇವನ್ನು ಬರೆಯುವವರು, ನೋಡುವವರು ಜಾಸ್ತಿ ಹೆಂಗಸರೇ ಅಂತೆ. ಯಾಕೆ?

ಶುರುವಾದದ್ದೇ ಅವರಿಂದ. 1970ರ ದಶಕದ ಜಪಾನಿನಲ್ಲಿ ಮೋತೊ ಹಾಗಿಯೊ, ಕೇಕೊ ತಾಕೆಮಿಯಾ ಅವರಂಥ ಹೆಣ್ಣುಮಕ್ಕಳು ಹುಡುಗಿಯರ ಪತ್ರಿಕೆಗಳಲ್ಲಿ ಹುಡುಗರ ನಡುವಿನ ಪ್ರೀತಿ ಬರೆದರು. ಹುಡುಗಿಯ ಪಾತ್ರ ಬರೆದರೆ ಮದುವೆ, ಬಸಿರು, ಮರ್ಯಾದೆ ಎಲ್ಲ ಜೊತೆಗೇ ಬರುತ್ತಿತ್ತು. ಹುಡುಗರನ್ನು ಇಟ್ಟರೆ ಆ ಹೊರೆ ಇಲ್ಲದೆ ಆಸೆಯನ್ನು, ನೋವನ್ನು ಬರೆಯಬಹುದಿತ್ತು. ಈಗಲೂ ಎಷ್ಟೋ ಹೆಣ್ಣುಮಕ್ಕಳು ನೋಡುವುದಕ್ಕೆ ಅದೇ ಕಾರಣ ಅಂತ ನನ್ನ ಅಂದಾಜು. ಇಲ್ಲಿ ಯಾರೂ "ಅತ್ತೆಗೆ ಕಾಫಿ ಕೊಟ್ಟೆಯಾ" ಅಂತ ಕೇಳುವುದಿಲ್ಲ. ಹಾಗಂತ ಗಂಡಸರು ನೋಡುವುದಿಲ್ಲ ಅಂತಲ್ಲ, ನೋಡುತ್ತಾರೆ, ಅದರಲ್ಲಿ ಗೇ ಗಂಡಸರೂ ಬಹಳ.

ನಿಜವಾದ ಗೇ ಗಂಡಸರ ಬದುಕು ಹೀಗೇ ಇರುತ್ತದಾ?

ಹೆಚ್ಚಿನವು ಕನಸಿನ ಮಾತು. ಈ ಜಗಳ ಹಳೆಯದು. 1992ರಲ್ಲೇ ಜಪಾನಿನಲ್ಲಿ ಸಾತೊ ಮಸಾಕಿ ಅನ್ನುವ ಗೇ ಬರಹಗಾರ, ನಮ್ಮ ಬದುಕನ್ನು ನಿಮ್ಮ ಮನರಂಜನೆಗೆ ಬಳಸುತ್ತೀರಿ ಅಂತ ಸ್ತ್ರೀವಾದಿ ಕಿರುಪತ್ರಿಕೆಯೊಂದರಲ್ಲಿ ಕಟುವಾಗಿ ಬರೆದರು, ಅದರ ಮೇಲೆ ವರ್ಷಗಟ್ಟಲೆ ಚರ್ಚೆ ನಡೆಯಿತು.

ಹಳೆಯ ಸರಣಿಗಳಲ್ಲಿ ಬರುವ "ನಾನು ಗೇ ಅಲ್ಲ, ನಿನ್ನನ್ನು ಮಾತ್ರ ಪ್ರೀತಿಸುತ್ತೇನೆ" ಅನ್ನುವ ಡೈಲಾಗು, ಇಬ್ಬರಲ್ಲಿ ಒಬ್ಬನನ್ನು "ಹೆಂಡತಿ" ಅಂತ ರೇಗಿಸುವುದು, ಒಪ್ಪಿಗೆ ಇಲ್ಲದೆ ಮೈಮೇಲೆ ಬೀಳುವುದನ್ನು ಪ್ರೀತಿ ಅಂತ ತೋರಿಸುವುದು, ಇವೆಲ್ಲ ನನಗೂ ಸಿಟ್ಟು ತರಿಸುತ್ತವೆ. ನಿಧಾನದ ಸರಣಿಗಳಲ್ಲಿ ಈ ಕೊನೆಯ ಕಾಟ ಕಡಿಮೆ. ಎದುರಿನವನ ಮನಸ್ಸು ತಿಳಿಯುವವರೆಗೆ ಕಾಯುವುದೇ ಕಥೆ ಆಗಿರುವಾಗ ಒತ್ತಾಯಕ್ಕೆ ಅಲ್ಲಿ ಕೆಲಸ ಇರುವುದಿಲ್ಲ. ಚೆರ್ರಿ ಮ್ಯಾಜಿಕ್‌ನಲ್ಲಿ ಮನಸ್ಸು ಓದಬಲ್ಲ ಅದಾಚಿಗೇ, ಕೇಳದೆ ಓದುವುದು ತಪ್ಪಲ್ವಾ ಅಂತ ಅನ್ನಿಸತೊಡಗುತ್ತದೆ.

ಆ ದೇಶಗಳಲ್ಲಿ ಇವರು ಮದುವೆ ಆಗಬಹುದಾ?

ತೈವಾನ್‌ನಲ್ಲಿ 2019ರ ಮೇ 24ರಿಂದ ಆಗಬಹುದು, ಏಷ್ಯಾದಲ್ಲೇ ಮೊದಲು. ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ. ಜಪಾನ್, ಕೊರಿಯಾ, ಚೀನಾದಲ್ಲಿ ಇಂಥ ಕಾನೂನು ಬಂದಿಲ್ಲ. ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದಿತು, 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ.

ಕನ್ನಡದಲ್ಲಿ ಇಂಥದ್ದು ಇದೆಯಾ?

ತೆರೆ ಮೇಲೆ ಈ ಬಗೆಯ ನಿಧಾನದ ಪ್ರೇಮಕಥೆಯನ್ನು ನಾನು ನೋಡಿಲ್ಲ. ಪುಸ್ತಕ ಇದೆ. ವಸುಧೇಂದ್ರ ಅವರ "ಮೋಹನಸ್ವಾಮಿ", 2013. ಆದರೆ ಬಿಎಲ್ ಅಂತ ಓದಲು ಹೋಗಬೇಡಿ. ಅಲ್ಲಿ ಯಾರೂ ಸುಂದರವಾಗಿ ಕಾಯುವುದಿಲ್ಲ, ಬದುಕು ಕಚ್ಚುತ್ತದೆ.

ಆ ನಟರು ನಿಜವಾಗಲೂ ಜೋಡಿನಾ?

ನಮಗ್ಯಾಕೆ? ಥಾಯ್ ಕಂಪನಿಗಳು ಇಬ್ಬರು ನಟರನ್ನು ಜೋಡಿ ಮಾಡಿ ಸರಣಿ, ಜಾಹೀರಾತು, ಅಭಿಮಾನಿಗಳ ಕೂಟ ಎಲ್ಲದಕ್ಕೂ ಒಟ್ಟಿಗೆ ಕಳಿಸುತ್ತವೆ. ಅದು ಅವರ ಕೆಲಸ. ಒಬ್ಬರು ಬೇರೆಯವರ ಜೊತೆ ಕಾಣಿಸಿಕೊಂಡರೆ ಹೋಗಿ ಬೈಯುವ ಅಭಿಮಾನಿಗಳಿದ್ದಾರೆ. ಆ ಗುಂಪಿಗೆ ಸೇರಬೇಡಿ.

ಎಲ್ಲಿ ನೋಡುವುದು?

ಜಿಎಂಎಂಟೀವಿಯ ತುಂಬಾ ಸರಣಿಗಳು ಅವರದೇ ಯೂಟ್ಯೂಬ್ ಚಾನೆಲ್‌ನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಜೊತೆ ಇವೆ. ಒಂದು ಕಂತನ್ನು ನಾಲ್ಕು ತುಂಡು ಮಾಡಿ ಹಾಕಿರುತ್ತಾರೆ, ತುಂಡಿನ ಸಂಖ್ಯೆ ನೋಡಿಕೊಳ್ಳಿ. ಉಳಿದವಕ್ಕೆ ವಿಕಿ (Viki), ಐಚಿಯಿ (iQIYI), ನೆಟ್‌ಫ್ಲಿಕ್ಸ್ ತಾಣಗಳಲ್ಲಿ ಹುಡುಕಬೇಕು. ಯಾವುದು ಎಲ್ಲಿದೆ ಅನ್ನುವುದು ಬದಲಾಗುತ್ತಲೇ ಇರುತ್ತದೆ.

ಇಂಗ್ಲಿಷ್ ಡಬ್ಬಿಂಗ್ ಸಿಕ್ಕರೆ ನೋಡಬಹುದಾ?

ಬೇಡ. ಇಂಥ ಕಥೆಯಲ್ಲಿ ಮಾತು ಕಡಿಮೆ, ದನಿ ಮುಖ್ಯ. ಮೂಲ ದನಿ ಇಟ್ಟುಕೊಂಡು ಸಬ್‌ಟೈಟಲ್ ಓದಿ. ಯಾರು ಯಾರನ್ನು ಹೇಗೆ ಕರೆಯುತ್ತಾರೆ ಅನ್ನುವುದಕ್ಕೂ ಕಿವಿ ಕೊಡಿ. ಥಾಯ್‌ನಲ್ಲಿ ದೊಡ್ಡವರ ಹೆಸರಿಗೆ ಮುಂದೆ "ಪೀ" ಸೇರಿಸುತ್ತಾರೆ, ಜಪಾನಿನಲ್ಲಿ ಪ್ರೇಮಿಗಳಾದ ಮೇಲೂ ಮನೆತನದ ಹೆಸರೇ ಹಿಡಿದು ಕರೆಯುತ್ತಿರುತ್ತಾರೆ. ಇದು ಬದಲಾದ ದಿನ ಏನೋ ಆಯಿತು ಅಂತ ಅರ್ಥ. ಇಂಗ್ಲಿಷ್ ಸಾಲಿನಲ್ಲಿ ಅದು ಕಾಣುವುದಿಲ್ಲ. ನೀವು, ನೀನು ಎರಡೂ ಇರುವ ನಮಗೆ ಇದನ್ನು ಹಿಡಿಯುವುದು ಕಷ್ಟ ಆಗದು.

ಒಂದೇ ರಾತ್ರಿ ಎಲ್ಲ ನೋಡಿ ಮುಗಿಸಬಹುದಾ?

ಚೆರ್ರಿ ಮ್ಯಾಜಿಕ್ ಆದರೆ ಮುಗಿಸಬಹುದು, ಐದು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಥಾಯ್ ಸರಣಿಗಳನ್ನು ವಾರಕ್ಕೊಂದು ಕಂತಿನ ಲೆಕ್ಕದಲ್ಲಿ ಬರೆದಿರುತ್ತಾರೆ. ಪ್ರತಿ ಕಂತಿನ ಕೊನೆಗೊಂದು ಕೊಕ್ಕೆ, ಮುಂದಿನದರ ಶುರುವಿಗೆ ಹಿಂದಿನದರ ನೆನಪು. ಒಟ್ಟಿಗೆ ನೋಡಿದರೆ ಒಂದೇ ದೃಶ್ಯ ಎರಡೆರಡು ಸಲ ಕಂಡು ಎಳೆತ ಅನ್ನಿಸುತ್ತದೆ, ಹನ್ನೊ‌ಂದನೇ ಕಂತಿನಲ್ಲಿ ಕಡ್ಡಾಯವಾಗಿ ಬರುವ ಮನಸ್ತಾಪವೂ ಸುಳ್ಳು ಅನ್ನಿಸುತ್ತದೆ. ದಿನಕ್ಕೆ ಒಂದೋ ಎರಡೋ ನೋಡಿ. ಅನ್‌ಟೇಮ್ಡ್ ಆದರೆ ನಿಲ್ಲಿಸಬೇಕಾದ ಜಾಗ 33ನೇ ಕಂತು. ಅಲ್ಲಿ ಒಂದು ದಿನ ಬಿಡುವು ಕೊಟ್ಟು, ಮೊದಲ ಎರಡು ಕಂತನ್ನು ಮತ್ತೊಮ್ಮೆ ನೋಡಿ ಮುಂದೆ ಹೋಗಿ. ಈ ಸಲ ಅರ್ಥ ಆಗುತ್ತದೆ.